ನುಡಿ ಫಾಂಟು, ಸ್ಕ್ಯಾನ್ ಪಿಡಿಎಫ್, ಓಡುವ ಅಕ್ಷರ: ಸರ್ಕಾರಿ ಆರೋಗ್ಯ ಜಾಲತಾಣಗಳನ್ನ ಪರೀಕ್ಷೆ ಮಾಡೋದು ಹೇಗೆ?

ಶಿಂಷಾ_ದಂಡೆ (ತುಮಕೂರು)

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗೆ ಸೇರಿ ಒಂದು ಮನವಿ ತಯಾರಾಗಬೇಕು. ಶಿಬಿರದ ದಿನಾಂಕ, ಲಸಿಕೆ ವೇಳಾಪಟ್ಟಿ, ಫ್ಲೋರೈಡ್ ನೀರಿನ ಎಚ್ಚರಿಕೆ, ಆಯುಷ್ಮಾನ್ ಕಾರ್ಡಿನ ನಿಯಮ, ಯುಡಿಐಡಿಗಾಗಿ (ಅಂಗವಿಕಲರ ಗುರುತಿನ ಚೀಟಿ) ವೈದ್ಯಕೀಯ ಮಂಡಳಿ ಕೂರುವ ದಿನ ಎಲ್ಲವೂ ಈಗ ಜಾಲತಾಣದಲ್ಲೇ ಇರುತ್ತೆ ಅಂತಾರೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಬೆರಳು ಸ್ವಾಧೀನದಲ್ಲಿ ಇಲ್ಲದವರು ಅದನ್ನ ಓದೋಕೆ ಆಗುತ್ತಾ ಅನ್ನೋದನ್ನ ಪರೀಕ್ಷಿಸಿ ಬರೆಯಬೇಕು. "ಜಾಲತಾಣ ಸರಿಯಿಲ್ಲ" ಅಂತ ಒಂದು ಸಾಲು ಬರೆದುಕೊಟ್ಟರೆ "ಪರಿಶೀಲಿಸಲಾಗುವುದು" ಅಂತ ಒಂದು ಸಾಲು ವಾಪಸ್ ಬರುತ್ತೆ. ಏನು ನೋಡಬೇಕು, ಯಾವ ಕ್ರಮದಲ್ಲಿ, ಪುರಾವೆ ಹೇಗೆ ಇಟ್ಟುಕೊಳ್ಳಬೇಕು? ಗೊತ್ತಿರೋರು ವಿವರವಾಗಿ ಹೇಳಿ. ಯಾವ ಕಚೇರಿಯ ಹೆಸರೂ ಇಲ್ಲಿ ಬೇಡ, ಅದು ಮನವಿಯಲ್ಲಿ ಇರಲಿ.

ಕೀಲಿಮಣೆ_ಕೋಲಾರ

ಮೊದಲು ಮೌಸ್ ಕಿತ್ತು ಪಕ್ಕಕ್ಕೆ ಇಡಿ. ಪುಟ ತೆರೆದು ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ. ಮೊದಲ ಒತ್ತಿಗೇ "ಮುಖ್ಯ ವಿಷಯಕ್ಕೆ ಹೋಗಿ" ಅನ್ನೋ ಕೊಂಡಿ ಕಾಣಬೇಕು. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಮೇಲಿನ ಮೆನುವಿನ ಮೂವತ್ತು ನಲವತ್ತು ಕೊಂಡಿ ದಾಟಿದ ಮೇಲೇ ವಿಷಯ. ಪ್ರತಿ ಒತ್ತಿಗೂ ಈಗ ಎಲ್ಲಿದ್ದೀವಿ ಅಂತ ತೋರಿಸೋ ಚೌಕಟ್ಟು ಕಣ್ಣಿಗೆ ಕಾಣಬೇಕು. ಎಷ್ಟೋ ಕಡೆ ವಿನ್ಯಾಸಕಾರರು "ಚೆನ್ನಾಗಿ ಕಾಣಲ್ಲ" ಅಂತ ಆ ಚೌಕಟ್ಟನ್ನೇ ತೆಗೆದುಹಾಕಿರ್ತಾರೆ. ಮೆನು ಎಂಟರ್‌ಗೆ ತೆರೆದು ಎಸ್ಕೇಪ್‌ಗೆ ಮುಚ್ಚಬೇಕು. ಒಳಗೆ ಹೋಗಿ ಹೊರಗೆ ಬರೋಕೆ ಆಗದೆ ಸಿಕ್ಕಿಹಾಕಿಕೊಂಡರೆ, ಅದು ಅತಿ ದೊಡ್ಡ ದೋಷ. ಕ್ಯಾಲೆಂಡರಿನಲ್ಲಿ ದಿನಾಂಕ ಆರಿಸೋ ಜಾಗದಲ್ಲಿ ಇದು ಹೆಚ್ಚು.

ಆಮೇಲೆ ಎನ್‌ವಿಡಿಎ ಹಾಕಿಕೊಳ್ಳಿ. ವಿಂಡೋಸಿನ ಉಚಿತ ಪರದೆ ವಾಚಕ, ಅಂದರೆ ಪರದೆ ಮೇಲಿರೋದನ್ನ ದನಿಯಲ್ಲಿ ಓದಿ ಹೇಳೋ ತಂತ್ರಾಂಶ. ಇದರ ಜೊತೆಗೇ ಬರೋ ಈಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ, ತಗಡು ಬಡಿದ ಹಾಗೆ ಕೇಳುತ್ತೆ, ಪರೀಕ್ಷೆಗೆ ಸಾಕು. ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಕೆ ಒತ್ತಿದರೆ ಕೊಂಡಿಗೆ, ಎಫ್‌ಗೆ ನಮೂನೆಯ ಖಾನೆಗೆ, ಜಿಗೆ ಚಿತ್ರಕ್ಕೆ, ಟಿಗೆ ಕೋಷ್ಟಕಕ್ಕೆ ಹಾರುತ್ತೆ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಎಲ್ಲ ಕೊಂಡಿಗಳ ಪಟ್ಟಿ ಬರುತ್ತೆ. ಅಲ್ಲಿ "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತ ಇಪ್ಪತ್ತು ಸಲ ಬಂದರೆ ಯಾವುದು ಡೆಂಗಿಯದು, ಯಾವುದು ಟೆಂಡರಿನದು ಅಂತ ಯಾರಿಗೆ ಗೊತ್ತಾಗುತ್ತೆ?

ಪುರಾವೆಗೆ ಒಂದು ಉಪಾಯ. ಎನ್‌ವಿಡಿಎ ಮೆನುವಿನ ಟೂಲ್ಸ್ ಒಳಗೆ ಸ್ಪೀಚ್ ವ್ಯೂಯರ್ ಇದೆ. ಅದು ಮಾತಾಡಿದ್ದೆಲ್ಲ ಅಕ್ಷರದಲ್ಲೂ ಬರುತ್ತೆ. ಕಿವಿಯಲ್ಲಿ ಕೇಳಿದ್ದನ್ನ ಅಧಿಕಾರಿಗೆ ತೋರಿಸೋಕೆ ಆಗಲ್ಲ, ಇದನ್ನ ತೆಗೆದು ಮನವಿಗೆ ಲಗತ್ತಿಸಬಹುದು.

ಪಿಡಿಎಫ್_ವೈರಿ (ತಿಪಟೂರು)

ಮೇಲಿನದೆಲ್ಲ ಸರಿ ಸರ್, ಆದರೆ ನಮ್ಮ ಕಡೆ ರೋಗ ಇರೋದು ಪುಟದಲ್ಲಲ್ಲ, ಪುಟಕ್ಕೆ ಅಂಟಿಸಿದ ಕಡತದಲ್ಲಿ. ಸರ್ಕಾರಿ ಜಾಲತಾಣಗಳ ಚೌಕಟ್ಟನ್ನ ಎನ್‌ಐಸಿಯವರು (ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಒಂದು ಮಟ್ಟಕ್ಕೆ ತಂದಿದ್ದಾರೆ. ಎಸ್3ವಾಸ್ ಅನ್ನೋ ಚೌಕಟ್ಟಿನಲ್ಲಿ ತಲೆಬರಹ, ಮೆನು, ಕೊಂಡಿ ಎಲ್ಲ ಬಹುಪಾಲು ಶಿಸ್ತಾಗಿರುತ್ತೆ. ಅದರೊಳಗೆ ದಿನಾ ಏರಿಸೋ ಸುತ್ತೋಲೆ ಮಾತ್ರ ಹಳೇ ದಾರಿಯಲ್ಲೇ ಬರುತ್ತೆ: ನುಡಿ ತಂತ್ರಾಂಶದಲ್ಲಿ ಟೈಪ್, ಪ್ರಿಂಟ್, ಸಹಿ, ಮೊಹರು, ಸ್ಕ್ಯಾನ್, ಅಪ್‌ಲೋಡ್.

ಪರೀಕ್ಷೆ ಒಂದೇ ನಿಮಿಷದ್ದು. ಪಿಡಿಎಫ್ ತೆರೆಯಿರಿ, ಕಂಟ್ರೋಲ್ ಎ, ಕಂಟ್ರೋಲ್ ಸಿ, ನೋಟ್‌ಪ್ಯಾಡಿಗೆ ಹೋಗಿ ಕಂಟ್ರೋಲ್ ವಿ. ಏನು ಬಂತು ನೋಡಿ.

ಏನೂ ಬರಲಿಲ್ಲ ಅಂದರೆ ಅದು ಬರೀ ಫೋಟೋ. ಪರದೆ ವಾಚಕಕ್ಕೆ ಖಾಲಿ ಹಾಳೆ.

ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಇರೋ ಇಂಗ್ಲಿಷ್ ಅಕ್ಷರಗಳ ಸಂತೆ ಬಂದರೆ ಅದು ನುಡಿಯ ಹಳೇ ಆಸ್ಕಿ ಫಾಂಟು. ಆ ಫಾಂಟಿನಲ್ಲಿ ಕಾಣೋದು ಕನ್ನಡ, ಒಳಗೆ ಕೂತಿರೋದು ಲ್ಯಾಟಿನ್ ಸಂಕೇತ. "ಕನ್ನಡ" ಅನ್ನೋ ಪದದಲ್ಲೇ ಕ ಇರಬೇಕಾದ ಕಡೆ ಪಿ, ನ ಇರಬೇಕಾದ ಕಡೆ ಪೌಂಡ್, ಡ ಇರಬೇಕಾದ ಕಡೆ ಕ್ಯೂ ಕೂತಿರುತ್ತೆ. ವಾಚಕ ಅದನ್ನೇ ನಿಯತ್ತಾಗಿ ಓದುತ್ತೆ. ಹುಡುಕುಪೆಟ್ಟಿಗೆಯಲ್ಲಿ "ಫ್ಲೋರೋಸಿಸ್" ಅಂತ ಹಾಕಿದರೆ ಈ ಕಡತ ಸಿಗೋದೇ ಇಲ್ಲ. ಅಂದರೆ ಕಣ್ಣು ಕಾಣೋರಿಗೂ ಇದರಿಂದ ನಷ್ಟ.

ಕನ್ನಡವೇ ಬಂತು, ಆದರೆ ಒತ್ತಕ್ಷರ, ಗುಣಿತ, ಅರ್ಕಾವತ್ತು ಅಲ್ಲಿ ಇಲ್ಲಿ ಚೆಲ್ಲಿವೆ ಅಂದರೆ ಯುನಿಕೋಡಿನಲ್ಲೇ (ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರೋ ಪದ್ಧತಿ) ಟೈಪ್ ಮಾಡಿದ್ದಾರೆ, ಪಿಡಿಎಫ್ ಮಾಡುವಾಗ ಅಕ್ಷರದ ಆಕಾರಕ್ಕೂ ಸಂಕೇತಕ್ಕೂ ಇರೋ ನಕ್ಷೆ ಕೆಟ್ಟಿದೆ. ಕನ್ನಡದಲ್ಲಿ ಒಂದು ಆಕಾರದೊಳಗೆ ಎರಡು ಮೂರು ಸಂಕೇತ ಇರೋದರಿಂದ ಈ ಕಾಟ ಇಂಗ್ಲಿಷಿಗಿಂತ ಜಾಸ್ತಿ.

ಶುದ್ಧ ಕನ್ನಡ ಬಂದರೂ ಕೆಲಸ ಮುಗಿಯಲಿಲ್ಲ. ಯಾವುದು ತಲೆಬರಹ, ಯಾವುದು ಕೋಷ್ಟಕ ಅಂತ ಹೇಳೋ ಟ್ಯಾಗ್ ಒಳಗಿರಬೇಕು. ವರ್ಡ್‌ನಲ್ಲಿ "ಪ್ರಿಂಟ್ ಟು ಪಿಡಿಎಫ್" ಕೊಟ್ಟರೆ ಟ್ಯಾಗೆಲ್ಲ ಬಿದ್ದುಹೋಗುತ್ತೆ. ಸೇವ್ ಆ್ಯಸ್, ಪಿಡಿಎಫ್, ಆಪ್ಷನ್ಸ್‌ಗೆ ಹೋಗಿ ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಅನ್ನೋದಕ್ಕೆ ಗುರುತು ಹಾಕಬೇಕು. ಲಿಬ್ರೆ ಆಫೀಸಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಕೊಟ್ಟಾಗ ಟ್ಯಾಗ್ಡ್ ಪಿಡಿಎಫ್ ಅನ್ನೋ ಆಯ್ಕೆ.

ಹಳೇ ಕಡತಗಳನ್ನ ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಬಹುದು, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಔಷಧದ ಹೆಸರು ಅಂತಿಟ್ಟುಕೊಳ್ಳಿ, ಪರಿವರ್ತಕ ಅದನ್ನೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತೆ. ಔಷಧದ ಹೆಸರು, ಪ್ರಮಾಣ, ಫೋನ್ ನಂಬರ್ ಈ ಮೂರನ್ನ ಮೂಲದ ಜೊತೆ ಒಂದೊಂದಾಗಿ ತಾಳೆ ನೋಡಲೇಬೇಕು.

ಸಹಿ ಮೊಹರು ಬೇಕೇ ಬೇಕು ಅಂತಾರೆ, ಬೇಡ ಅನ್ನಲ್ಲ. ಸ್ಕ್ಯಾನ್ ಪ್ರತಿ ಒಂದು ಪಕ್ಕದಲ್ಲಿ ಇರಲಿ, ವಿಷಯ ಪುಟದಲ್ಲೇ ಬರಹವಾಗಿ ಇರಲಿ. ಟೈಪ್ ಮಾಡಿದ ಕಡತ ಹೇಗಿದ್ದರೂ ಗುಮಾಸ್ತರ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಅದನ್ನ ಅಂಟಿಸೋಕೆ ಐದು ನಿಮಿಷ ಸಾಕು.

ನಂದಿ_ತಪ್ಪಲು

ಒಂದು ಅನುಮಾನ. ಬಹಳ ಜಾಲತಾಣಗಳ ಮೇಲ್ಗಡೆ ಅಕ್ಷರ ಹಿಗ್ಗಿಸೋ ಗುಂಡಿ, ಕಪ್ಪು ಹಿನ್ನೆಲೆ ಗುಂಡಿ, ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರ ಎಲ್ಲ ಇರುತ್ತಲ್ಲ? ಅದಿದ್ದರೆ ಸುಗಮ್ಯ ಅಂತ ಅಲ್ವಾ?

ಕೀಲಿಮಣೆ_ಕೋಲಾರ

ಅಲ್ಲ ಸರ್. ಅಕ್ಷರ ಹಿಗ್ಗಿಸೋದು ಬ್ರೌಸರಿನಲ್ಲೇ ಇದೆ, ಕಂಟ್ರೋಲ್ ಜೊತೆ ಪ್ಲಸ್. ಪರದೆ ವಾಚಕ ಬಳಸೋರ ಹತ್ತಿರ ವಾಚಕ ಆಗಲೇ ಇರುತ್ತೆ. ಸ್ಕ್ಯಾನ್ ಮಾಡಿದ ಪಟ್ಟಿಗೆ, ಹೆಸರಿಲ್ಲದ ಖಾನೆಗೆ ಆ ಗುಂಡಿ ಏನೂ ಮಾಡಲ್ಲ. ಗೋಡೆ ಬಿರುಕು ಬಿಟ್ಟಿದ್ದಕ್ಕೆ ಸುಣ್ಣ ಹೊಡೆದ ಹಾಗೆ. ಪರೀಕ್ಷೆ ಮಾಡೋದಾದರೆ 200 ಶೇಕಡಾಗೆ ಹಿಗ್ಗಿಸಿ, ಯಾವ ಅಕ್ಷರವೂ ಕತ್ತರಿಸಿಹೋಗಬಾರದು. ಆಮೇಲೆ 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ 400ಕ್ಕೆ ಹಿಗ್ಗಿಸಿ, ಅಂದರೆ 320 ಪಿಕ್ಸೆಲ್ ಅಗಲಕ್ಕೆ ಸಮ. ಒಂದು ಸಾಲು ಓದೋಕೆ ಎಡಕ್ಕೂ ಬಲಕ್ಕೂ ಸರಿಸಬೇಕಾಗಿ ಬಂದರೆ ಸೋತ ಹಾಗೆ. ಕನ್ನಡದಲ್ಲಿ ಇನ್ನೊಂದು: ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರ ಇಟ್ಟಿದ್ದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಇರಲಿ.

ಬಣ್ಣಗಾರ (ಶಿಡ್ಲಘಟ್ಟ)

ಬಣ್ಣದ ಲೆಕ್ಕ ಚಿಕ್ಕದು. ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1, ದಪ್ಪ ದೊಡ್ಡ ತಲೆಬರಹಕ್ಕೆ 3ಕ್ಕೆ 1 ವ್ಯತ್ಯಾಸ ಇರಬೇಕು. ನಮ್ಮವರಿಗೆ ಇಷ್ಟವಾದ ಹಳದಿ ಕೆಂಪು ಜೋಡಿಯನ್ನೇ ತಗೊಳ್ಳಿ: ಶುದ್ಧ ಕೆಂಪಿನ ಮೇಲೆ ಶುದ್ಧ ಹಳದಿ ಅಕ್ಷರ ಅಳೆದರೆ 3.7. ತಲೆಬರಹಕ್ಕೆ ನಡೆಯುತ್ತೆ, ಶಿಬಿರದ ವಿವರ ಬರೆಯೋಕೆ ನಡೆಯಲ್ಲ. ಬಿಳಿ ಮೇಲೆ ಕೇಸರಿ ಇನ್ನೂ ಕಡಿಮೆ, ಎರಡರ ಆಸುಪಾಸು.

ಬಣ್ಣವೊಂದರಿಂದಲೇ ಅರ್ಥ ಹೇಳಬಾರದು ಅನ್ನೋ ನಿಯಮವೂ ಇದೆ. 2020ರ ಮೇ ಮೊದಲ ವಾರದ ಕೋವಿಡ್ ವಲಯಗಳನ್ನ ನೆನಪಿಸಿಕೊಳ್ಳಿ: ಕೋಲಾರ ಹಸಿರು, ತುಮಕೂರು, ಚಿಕ್ಕಬಳ್ಳಾಪುರ ಕಿತ್ತಳೆ. ಬರೀ ಬಣ್ಣ ತುಂಬಿದ ನಕ್ಷೆ ಹಾಕಿದರೆ ಬಣ್ಣ ಬೇರ್ಪಡಿಸಿ ನೋಡಲಾರದವರಿಗೆ ಮೂರೂ ಜಿಲ್ಲೆ ಒಂದೇ. ಪಕ್ಕದಲ್ಲಿ ಜಿಲ್ಲೆ, ವಲಯ ಅಂತ ಎರಡು ಕಂಬದ ಪಟ್ಟಿ ಹಾಕಿದರೆ ಮುಗೀತು. ಊರುವಾರು ಫ್ಲೋರೈಡ್ ನಕ್ಷೆಗೂ ಇದೇ ಮಾತು. ಲೀಟರಿಗೆ 1 ಮಿಲಿಗ್ರಾಂ ತನಕ ಒಪ್ಪಿತ, ಬೇರೆ ನೀರಿನ ಮೂಲ ಇಲ್ಲದಾಗ 1.5 ತನಕ ಅಂತ ಕುಡಿಯುವ ನೀರಿನ ಐಎಸ್ 10500 ಮಾನಕ ಹೇಳುತ್ತೆ. ಊರಿನ ಹೆಸರಿನ ಮುಂದೆ ಆ ಅಂಕಿಯೇ ಇರಲಿ, ಕೆಂಪು ಚುಕ್ಕೆ ಅಲ್ಲ.

ಗಡಿನಾಡು (ಬಾಗೇಪಲ್ಲಿ)

ಫ್ಲೋರೈಡ್ ಮಾತು ಬಂದಿದ್ದು ಒಳ್ಳೇದಾಯ್ತು. ಬಾಗೇಪಲ್ಲಿ, ಪಾವಗಡ ಕಡೆ ಮೂಳೆ ಫ್ಲೋರೋಸಿಸ್‌ನಿಂದ ಕುತ್ತಿಗೆ, ಮೊಣಕೈ, ಬೆನ್ನು ಬಿಗಿದವರು ಇದ್ದಾರೆ. ಎಚ್ಚರಿಕೆ ಬರೆದಿರೋದೇ ಅವರಿಗಾಗಿ. ಆ ಪುಟದಲ್ಲಿ ಸಾಸಿವೆ ಕಾಳಿನಷ್ಟು ಗುಂಡಿ ಇಟ್ಟರೆ? ಡಬ್ಲ್ಯೂಸಿಎಜಿ (ಜಾಲತಾಣ ಎಲ್ಲರೂ ಬಳಸೋ ಹಾಗಿರಬೇಕು ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ) 2.2 ಪ್ರಕಾರ ಒತ್ತೋ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕ. ಆ್ಯಂಡ್ರಾಯ್ಡ್‌ನವರ ಸಲಹೆ ಅದರ ಎರಡರಷ್ಟು, 48. ಮೊಬೈಲಿಗೆ ಎರಡನೆಯದನ್ನೇ ಕೇಳಿ.

ಹಳ್ಳಿಯಲ್ಲಿ ಕಂಪ್ಯೂಟರ್ ಎಲ್ಲಿದೆ, ನೋಡೋದೆಲ್ಲ ಫೋನಿನಲ್ಲೇ. ಅದಕ್ಕೆ ಆ್ಯಂಡ್ರಾಯ್ಡ್ ಫೋನಿನ ಪರದೆ ವಾಚಕ ಟಾಕ್‌ಬ್ಯಾಕ್‌ನಲ್ಲೂ ಪರೀಕ್ಷೆ ಆಗಬೇಕು. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಆನ್ ಮಾಡಿ, ಗೂಗಲ್ ಧ್ವನಿಯ ಕನ್ನಡ ದತ್ತಾಂಶ ಇಳಿಸಿಕೊಳ್ಳಿ. ಬಲಕ್ಕೆ ಸವರಿದರೆ ಮುಂದಿನದು, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಆನ್ ಮಾಡೋ ಮುಂಚೆ ಆಫ್ ಮಾಡೋದು ಕಲಿತಿರಿ, ಇಲ್ಲದಿದ್ದರೆ ಫೋನ್ ಕೈಗೇ ಸಿಗಲ್ಲ.

ನಮ್ಮ ಕಡೆ ಮನೆಮಾತು ತೆಲುಗು ಇರೋರು ಬಹಳ. ಕನ್ನಡ ಪುಟದ ನಡುವೆ ನಾಲ್ಕು ಸಾಲು ತೆಲುಗು ಹಾಕಿದರೆ ಸಂತೋಷ, ಆದರೆ ಆ ನಾಲ್ಕು ಸಾಲಿಗೆ ಭಾಷೆ ತೆಲುಗು ಅಂತ ಒಳಗೆ ಗುರುತು ಇರಬೇಕು. ಕನ್ನಡ ಪುಟಕ್ಕೂ ಅಷ್ಟೇ. ಪುಟದ ಕೋಡಿನ ಮೊದಲ ಸಾಲಿನಲ್ಲಿ ಭಾಷೆ ಇಂಗ್ಲಿಷ್ ಅಂತ ಉಳಿದುಬಿಟ್ಟಿದ್ದರೆ ವಾಚಕ ಇಂಗ್ಲಿಷ್ ಧ್ವನಿಯಲ್ಲೇ ಕನ್ನಡ ಓದೋಕೆ ಹೊರಡುತ್ತೆ. ಸರಿ ಮಾಡೋಕೆ ಎರಡಕ್ಷರ ಬದಲಿಸಿದರೆ ಸಾಕು: ಇ ಎನ್ ತೆಗೆದು ಕೆ ಎನ್.

ಅರ್ಧ_ಮಾತ್ರೆ (ಚಿಂತಾಮಣಿ)

ಬರವಣಿಗೆಯಲ್ಲೇ ಆಗೋ ಅಪಾಯ ಯಾರೂ ಹೇಳಲಿಲ್ಲ. "1/2 ಮಾತ್ರೆ" ಅಂತ ಬರೆದಿದ್ದನ್ನ ಯಂತ್ರ "ಒಂದು ಸ್ಲ್ಯಾಶ್ ಎರಡು" ಅಂತಲೋ, ಬರೀ "ಒಂದು ಎರಡು" ಅಂತಲೋ ಓದಬಹುದು. "ಅರ್ಧ ಮಾತ್ರೆ" ಅಂತ ಅಕ್ಷರದಲ್ಲಿ ಬರೆಯಿರಿ. "2-3 ದಿನ" ಅಂದಾಗ ನಡುವಿನ ಗೆರೆ ವಾಚಕದ ಸಾಮಾನ್ಯ ಸೆಟ್ಟಿಂಗಿನಲ್ಲಿ ಕೇಳಿಸೋದೇ ಇಲ್ಲ, "ಎರಡರಿಂದ ಮೂರು ದಿನ" ಅನ್ನಿ. "ಪ್ರಾ.ಆ.ಕೇಂ." ಅಂತ ಚುಕ್ಕಿ ಇಟ್ಟರೆ ಪ್ರತಿ ಚುಕ್ಕಿಗೂ ನಿಂತು ಏದುಸಿರು ಬಿಡುತ್ತೆ, "ಪ್ರಾಥಮಿಕ ಆರೋಗ್ಯ ಕೇಂದ್ರ" ಅಂತ ಪೂರ್ತಿ ಬರೆದರೆ ಏನು ಕಳ್ಕೋತಾರೆ? ದಿನಾಂಕ "05/06" ಅಂದರೆ ಜೂನ್ ಐದೋ ಮೇ ಆರೋ, ತಿಂಗಳ ಹೆಸರು ಬರೆಯಿರಿ.

ಪೋಸ್ಟರ್ ಚಿತ್ರಕ್ಕೆ ಬದಲಿ ಬರಹ (ಚಿತ್ರದ ಬದಲು ವಾಚಕ ಓದೋ ಬರಹ) ಕೇಳಿದರೆ "ಓಆರ್‌ಎಸ್ ಪೋಸ್ಟರ್" ಅಂತ ಹಾಕಿ ಕೈ ತೊಳೆದುಕೊಳ್ಳೋರು ಇದ್ದಾರೆ. ಅದರಿಂದ ಯಾವ ತಾಯಿಗೆ ಉಪಯೋಗ? "ಒಂದು ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಸಿ, 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ" ಅನ್ನೋದೇ ವಿಷಯ. ಅದು ಚಿತ್ರದ ಕೆಳಗೆ ಎಲ್ಲರಿಗೂ ಕಾಣೋ ಬರಹವಾಗಿ ಇದ್ದರೆ ಇನ್ನೂ ಒಳ್ಳೇದು.

ಲಸಿಕೆ ಕೋಷ್ಟಕದಲ್ಲಿ ಕೋಶಗಳನ್ನ ಅಂದಕ್ಕೆ ಒಂದುಗೂಡಿಸಬೇಡಿ. ಪೆಂಟಾವೇಲೆಂಟ್ 6, 10, 14 ವಾರಕ್ಕೆ ಅನ್ನೋದನ್ನ ಮೂರು ಖಾನೆಗೆ ಸರಿ ಚಿತ್ರ ಅಂಟಿಸಿ ತೋರಿಸಿದರೆ ಕೇಳಿಸೋದು "ಗ್ರಾಫಿಕ್, ಗ್ರಾಫಿಕ್, ಗ್ರಾಫಿಕ್". ಕಂಬದ ತಲೆಗೆ ಶೀರ್ಷಿಕೆ ಗುರುತು ಕೊಟ್ಟಿದ್ದರೆ ಕಂಟ್ರೋಲ್ ಆಲ್ಟ್ ಬಾಣದ ಕೀಲಿಯಲ್ಲಿ ಸರಿದಾಡುವಾಗ "14 ವಾರ" ಅನ್ನೋದನ್ನ ವಾಚಕವೇ ಹೇಳುತ್ತೆ.

ಕೈಮಾತು_ಕೆಜಿಎಫ್

ಎಲ್ಲರೂ ಕಣ್ಣಿನ ಬಗ್ಗೆಯೇ ಬರೆದಿರಿ. ಕಿವುಡರಿಗೆ "ಹೆಚ್ಚಿನ ಮಾಹಿತಿಗೆ 104ಕ್ಕೆ ಕರೆ ಮಾಡಿ" ಅನ್ನೋದು ಮುಚ್ಚಿದ ಬಾಗಿಲು. 108ಕ್ಕೂ ಅದೇ ಪಾಡು. ಮನೋಸ್ಥೈರ್ಯಕ್ಕೆ ಇರೋ ಟೆಲಿ ಮಾನಸ್ 14416 ಕೂಡ ಮೂಲತಃ ಮಾತಿನದೇ. ಕರೆ ಸಂಖ್ಯೆ ಕೊಟ್ಟ ಕಡೆಯೆಲ್ಲ ಸಂದೇಶ ಕಳಿಸೋ ದಾರಿ ಒಂದು ಇರಲೇಬೇಕು ಅಂತ ಮನವಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ.

ವಿಡಿಯೋದ ಮಾತಿಗೆ ಪರದೆ ಮೇಲೆ ಬರಹ (ಕ್ಯಾಪ್ಷನ್) ಬೇಕು. ಹಿನ್ನೆಲೆಯಲ್ಲಿ ಕೆಮ್ಮಿನ ಸದ್ದು ಮುಖ್ಯವಾದರೆ ಅದನ್ನೂ ಆವರಣದಲ್ಲಿ ಬರೆಯಬೇಕು. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಭಾರತೀಯ ಸಂಜ್ಞಾ ಭಾಷೆಯ ಕಿಟಕಿ ಹಾಕೋದಾದರೆ ಕೈಬೆರಳು ಕಾಣುವಷ್ಟು ದೊಡ್ಡದಿರಲಿ, ಅದರ ಮೇಲೆ ಇಲಾಖೆಯ ಲಾಂಛನ ಕೂರಿಸಬೇಡಿ. ಬರಹ ಇದೆಯಲ್ಲ, ಸಂಜ್ಞೆ ಯಾಕೆ ಅಂತ ಕೇಳ್ತಾರೆ. ಹುಟ್ಟಿನಿಂದ ಕೇಳದ ಬಹುಮಂದಿಗೆ ಸಂಜ್ಞೆಯೇ ಮೊದಲ ಭಾಷೆ, ಬರಹದ ಕನ್ನಡ ಎರಡನೆಯದು. "ಸದರಿ ಯೋಜನೆಯ ಸೌಲಭ್ಯವನ್ನು ಪಡೆಯಲಿಚ್ಛಿಸುವ ಅರ್ಹ ಫಲಾನುಭವಿಗಳು" ಅನ್ನೋ ಸಾಲು ಅವರಿಗೆ ಇರಲಿ, ಬುದ್ಧಿಮಾಂದ್ಯರ ಮನೆಯವರಿಗೂ ಕಷ್ಟವೇ.

ನಂದಿ_ತಪ್ಪಲು

ನೋಂದಣಿ ಮಾಡುವಾಗ ಬರೋ ಸೊಟ್ಟ ಅಕ್ಷರದ ಕ್ಯಾಪ್ಚಾ, ಒಟಿಪಿಯ ಸಮಯ ಮುಗಿದುಹೋಗೋದು, ಇವಕ್ಕೂ ನಿಯಮ ಇದೆಯಾ?

ಕಲಂ_ಕಾನೂನು (ಮಧುಗಿರಿ)

ಇದೆ, ಸುಪ್ರೀಂ ಕೋರ್ಟಿನ ಮಾತೂ ಇದೆ. 2021ರ ಮೇ 31ರ ಕೋವಿಡ್ ಸ್ವಯಂಪ್ರೇರಿತ ಪ್ರಕರಣದ ಆದೇಶದಲ್ಲಿ ಲಸಿಕೆ ನೋಂದಣಿಯ ಕೋವಿನ್ ವೇದಿಕೆಯ ಕೊರತೆಗಳನ್ನ ನ್ಯಾಯಾಲಯ ಪಟ್ಟಿ ಮಾಡಿತ್ತು: ಧ್ವನಿ ಕ್ಯಾಪ್ಚಾ ಇಲ್ಲ, ವಯಸ್ಸು, ಲಸಿಕೆ ಹೆಸರು ಮುಂತಾದ ಏಳು ಸೋಸುಗಳು (ಫಿಲ್ಟರ್) ಬಳಸಲಾಗದಂತಿವೆ, ಎಷ್ಟು ಜಾಗ ಖಾಲಿ ಅಂತ ತಿಳಿಯುತ್ತೆ ಆದರೆ ಆ ಅಂಕಿ ಯಾವ ಸ್ಲಾಟಿನದು ಅಂತ ತಿಳಿಯಲ್ಲ, ಕೀಲಿಮಣೆಯಲ್ಲಿ ಓಡಾಡೋಕೆ ಆಗಲ್ಲ, ತಾನಾಗೇ ಹೊರಗೆ ಹಾಕದಂತೆ ಸಾಕಷ್ಟು ಸಮಯ ಕೊಡಬೇಕು. ಮನವಿಯ ನಮೂನೆಯಾಗಿ ಇದನ್ನೇ ಇಟ್ಟುಕೊಳ್ಳಿ. ಸಮಯದ ನಿಯಮ ಹೀಗೆ: ಮುಗಿಯೋ ಮುಂಚೆ ಎಚ್ಚರಿಸಿ, ಒಂದು ಕೀಲಿ ಒತ್ತಿ ಮುಂದೂಡೋಕೆ ಕನಿಷ್ಠ 20 ಸೆಕೆಂಡ್ ಕೊಡಬೇಕು. ಓಡುವ ಅಕ್ಷರ ತಾನಾಗೇ ಶುರುವಾಗಿ 5 ಸೆಕೆಂಡ್ ಮೀರಿದರೆ ನಿಲ್ಲಿಸೋ ಗುಂಡಿ ಇರಲೇಬೇಕು.

ಮಾನಕ ಯಾವುದು ಅಂತ ಕೇಳಿದರೆ: ಸರ್ಕಾರಿ ಜಾಲತಾಣಗಳಿಗೆ ಜಿಐಜಿಡಬ್ಲ್ಯೂ ಅನ್ನೋ ಭಾರತ ಸರ್ಕಾರದ ಮಾರ್ಗಸೂಚಿ, ಮೊದಲು ಬಂದದ್ದು 2009ರಲ್ಲಿ, ಈಗಿನದು 2023ರ 3.0. ಅದು ಡಬ್ಲ್ಯೂಸಿಎಜಿ 2.1ರ ಡಬಲ್ ಎ ಮಟ್ಟ ಕೇಳುತ್ತೆ. ಹಾಗಾಗಿ ಮೇಲೆ ಹೇಳಿದ 24 ಪಿಕ್ಸೆಲ್ ನಿಯಮ 2.2ರದ್ದು, ಅದನ್ನ ಉಲ್ಲಂಘನೆ ಅಂತ ಬರೆಯಬೇಡಿ, ಸಲಹೆ ಅಂತ ಬರೆಯಿರಿ. ಒಂದು ತಪ್ಪು ಸಿಕ್ಕರೆ ಇಡೀ ಮನವಿಯನ್ನ ಪಕ್ಕಕ್ಕೆ ಸರಿಸ್ತಾರೆ. ಭಾರತೀಯ ಮಾನಕ ಐಎಸ್ 17802 ಕೂಡ ಇದೆ. ಕಾಯ್ದೆಯಲ್ಲಿ, ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಕಲಂ 42 ಇದಕ್ಕೇ ಸಂಬಂಧಿಸಿದ್ದು.

ಶಿಂಷಾ_ದಂಡೆ (ತುಮಕೂರು)

ಹಾಗಾದರೆ ಅದೇ ಕಾಯ್ದೆಯ ಕಲಂ 23ರ ಕುಂದುಕೊರತೆ ಅಧಿಕಾರಿಗೆ ಕೊಟ್ಟರೆ ಎರಡು ವಾರದಲ್ಲಿ ವಿಚಾರಣೆ ಆಗಬೇಕಲ್ವಾ?

ಕಲಂ_ಕಾನೂನು (ಮಧುಗಿರಿ)

ಅಲ್ಲಿ ಎಡವಬೇಡಿ. ಕಲಂ 23 ಇರೋದು ಕಲಂ 20ರ ದೂರಿಗೆ, ಅಂದರೆ ಸರ್ಕಾರಿ ನೌಕರಿಯಲ್ಲಿ ಆಗೋ ತಾರತಮ್ಯಕ್ಕೆ. ಜಾಲತಾಣದ ದೂರು ಅಲ್ಲಿಗೆ ಹೋದರೆ ವಾಪಸ್. ನಿಮ್ಮ ದಾರಿ ಕಲಂ 80, ಅಂಗವಿಕಲರ ರಾಜ್ಯ ಆಯುಕ್ತರು. ಅವರು ಶಿಫಾರಸು ಕೊಟ್ಟರೆ ಕಲಂ 81ರ ಪ್ರಕಾರ ಇಲಾಖೆ ಕ್ರಮ ತಗೊಂಡು ಮೂರು ತಿಂಗಳೊಳಗೆ ತಿಳಿಸಬೇಕು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅದೇ ಕಾಯ್ದೆಯ ಕೆಳಗಿನ 2017ರ ನಿಯಮಗಳಲ್ಲಿ ನಿಯಮ 15 ಬರೀ ಸಲಹೆಯ ಹಾಗಿದೆ, ಕಾಯ್ದೆಗೆ ಹೊಂದಲ್ಲ ಅಂತ ಹೇಳಿ ಕಡ್ಡಾಯ ನಿಯಮ ಮಾಡಲು ಸೂಚಿಸಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಡಿಜಿಟಲ್ ಪ್ರವೇಶವನ್ನ ಸಂವಿಧಾನದ 21ನೇ ವಿಧಿಯೊಳಗೆ ತಂದಿತು. ಎರಡನ್ನೂ ಒಂದೊಂದು ಸಾಲಿನಲ್ಲಿ ಹೇಳಿದರೆ ಸಾಕು, ತೀರ್ಪು ಪೂರ್ತಿ ಲಗತ್ತಿಸಿ ಕಟ್ಟು ದಪ್ಪ ಮಾಡಬೇಡಿ.

ಆಯುಕ್ತರ ತನಕ ಹೋಗೋ ಮುಂಚೆ ಜಾಲತಾಣದ ಕೆಳಗೆ ನೋಡಿ. ಜಿಐಜಿಡಬ್ಲ್ಯೂ ಪ್ರಕಾರ ವೆಬ್ ಮಾಹಿತಿ ವ್ಯವಸ್ಥಾಪಕರ ವಿವರ ಅಲ್ಲಿರಬೇಕು. ಮೊದಲ ಪತ್ರ ಅವರಿಗೆ, ಒಂದು ನಕಲು ಜಿಲ್ಲಾ ಆರೋಗ್ಯಾಧಿಕಾರಿಗೆ, ಇನ್ನೊಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ. ಜೊತೆಗೆ 1902ರಲ್ಲಿ ಜನಸ್ಪಂದನಕ್ಕೆ ದಾಖಲಿಸಿ ಸಂಖ್ಯೆ ಇಟ್ಟುಕೊಳ್ಳಿ. ಜಾಲತಾಣಕ್ಕೆ ಎಸ್‌ಟಿಕ್ಯೂಸಿ (ಜಾಲತಾಣ ಪರೀಕ್ಷಿಸೋ ಕೇಂದ್ರ ಸರ್ಕಾರಿ ಸಂಸ್ಥೆ) ಪ್ರಮಾಣಪತ್ರ ಇದೆಯೇ, ಕೊನೆಯ ಪರೀಕ್ಷಾ ವರದಿಯ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ಮೂರು ಜಿಲ್ಲೆಗೆ ಮೂರು ಅರ್ಜಿ.

ಪಿಡಿಎಫ್_ವೈರಿ (ತಿಪಟೂರು)

ದೋಷ ಬರೆಯೋ ರೀತಿಗೆ ಒಂದು ಮಾದರಿ, ಬೇಕಾದರೆ ಇದನ್ನೇ ಬಳಸಿ:

"ಪುಟ: ತಾಲ್ಲೂಕು ಆರೋಗ್ಯ ಶಿಬಿರಗಳ ಪಟ್ಟಿ. ಪರೀಕ್ಷಿಸಿದ ದಿನ, ಸಮಯ. ಸಾಧನ: ವಿಂಡೋಸ್ 11, ಕ್ರೋಮ್, ಎನ್‌ವಿಡಿಎ. ಮಾಡಿದ್ದು: ಪಟ್ಟಿಯ ಕೊಂಡಿ ತೆರೆದು ಮೊದಲಿಂದ ಓದಿಸಿದೆವು. ಆಗಿದ್ದು: ಯಾವ ಬರಹವೂ ಕೇಳಿಸಲಿಲ್ಲ, ಕಡತ ಸ್ಕ್ಯಾನ್ ಚಿತ್ರ. ಪರಿಣಾಮ: ಅಂಧರಿಗೆ ಶಿಬಿರದ ದಿನ, ಸ್ಥಳ ತಿಳಿಯುವುದಿಲ್ಲ. ಕೋರಿಕೆ: ಪಟ್ಟಿಯನ್ನು ಪುಟದಲ್ಲೇ ಯುನಿಕೋಡ್ ಕೋಷ್ಟಕವಾಗಿ ಹಾಕುವುದು."

ಒಂದು ದೋಷಕ್ಕೆ ಒಂದು ಹಾಳೆ. ಐವತ್ತು ದೋಷ ಸಿಕ್ಕರೂ ಮೊದಲ ಪತ್ರದಲ್ಲಿ ಐದೇ ಬರೆಯಿರಿ, ದಿನಾಂಕ, ಸ್ಥಳ, ಔಷಧದ ಪ್ರಮಾಣ ತಪ್ಪಿಹೋಗುವಂಥವು ಮುಂದೆ ಬರಲಿ. ಬಣ್ಣ, ಲಾಂಛನ ಎಲ್ಲ ಆಮೇಲೆ.

ಶಿಂಷಾ_ದಂಡೆ (ತುಮಕೂರು)

ಸರಿ. ಒಂದೊಂದು ಜಿಲ್ಲೆಗೆ ಹತ್ತು ಪುಟ ಆರಿಸ್ತೀವಿ. ಪರೀಕ್ಷೆಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಕೂರಿಸಿದರೆ ಆಗುತ್ತಾ, ಇಲ್ಲ ನಿತ್ಯ ವಾಚಕ ಬಳಸೋರೇ ಬೇಕಾ?

ಕೀಲಿಮಣೆ_ಕೋಲಾರ

ಕೀಲಿಮಣೆ, ಹಿಗ್ಗಿಸೋದು, ನೋಟ್‌ಪ್ಯಾಡ್ ಪರೀಕ್ಷೆ ಯಾರಾದರೂ ಮಾಡಬಹುದು. ವಾಚಕದ್ದು ಮಾತ್ರ ಅದನ್ನ ದಿನಾ ಬಳಸೋರಿಂದಲೇ ಮಾಡಿಸಿ. ಹೊಸಬರಿಗೆ ಕೀಲಿ ಗೊತ್ತಿಲ್ಲದೆ ಆದ ತಡವರಿಕೆ ಪುಟದ ದೋಷದ ಲೆಕ್ಕಕ್ಕೆ ಸೇರಿಬಿಡುತ್ತೆ. ಒಂದು ಜಿಲ್ಲೆಗೆ ಇಬ್ಬರು ಸಾಕು, ಒಬ್ಬರು ಕಂಪ್ಯೂಟರ್, ಒಬ್ಬರು ಫೋನ್. ಪಕ್ಕದಲ್ಲಿ ಕೂತ ಕಾರ್ಯಕರ್ತರು ಸ್ಪೀಚ್ ವ್ಯೂಯರ್ ನೋಡಿ ಬರೆದುಕೊಳ್ಳಲಿ, ನಡುವೆ ಬಾಯಿ ಹಾಕಿ "ಅಲ್ಲಿದೆ ನೋಡಿ ಅಣ್ಣ, ಬಲಗಡೆ" ಅನ್ನಬಾರದು.